ಸೆನೆಟರ್ ರಾಬರ್ಟ್ ಲಾ ಫಾಲೆಟ್

ಜಾನ್ ಕೆನೆಡಿಯ ಅಧ್ಯಕ್ಷತೆಯ ಸಮಿತಿಯೊಂದು 1957ರಲ್ಲಿ ಅಮೆರಿಕದ ಸೆನೆಟ್ ಸಭೆಯ ಇತಿಹಾಸದಿಂದ ಐವರು ಶ್ರೇಷ್ಠ ಸದಸ್ಯರನ್ನು ಆರಿಸಿತು. ಆ ಐವರಲ್ಲಿ ರಾಬರ್ಟ್ ಲಾ ಫಾಲೆಟ್ ಒಬ್ಬನು. ಅದಕ್ಕೆ ನಲವತ್ತು ವರ್ಷಗಳ ಹಿಂದೆ, ಈತನನ್ನು ಸಭೆಯಿಂದಲೇ ಹೊರಹಾಕಬೇಕೆಂಬ ಅರ್ಜಿಗಳು ಅದೇ ಸೆನೆಟ್ಟಿನ ಮುಂದೆ ಬಂದಿದ್ದವು. ಈ ಎರಡು ಸಂಗತಿಗಳ ನಡುವಣ ಅಂತರವೇ ನನ್ನನ್ನು ಈತನ ಚರಿತ್ರೆಯ ಕಡೆಗೆ ಎಳೆಯಿತು.

ಲಾ ಫಾಲೆಟ್ 1855ರ ಜೂನ್ 14ರಂದು ವಿಸ್ಕಾನ್ಸಿನ್ ಪ್ರಾಂತದ ಪ್ರಿಮ್ರೋಸ್ ಎಂಬಲ್ಲಿ ಒಕ್ಕಲು ಮನೆತನದಲ್ಲಿ ಹುಟ್ಟಿದನು. ಕೈಗೂಸಾಗಿದ್ದಾಗಲೇ ತಂದೆ ತೀರಿಕೊಂಡನು. ಮ್ಯಾಡಿಸನ್ನಿನ ವಿಶ್ವವಿದ್ಯಾನಿಲಯದಲ್ಲಿ ಓದುವಾಗ ಈತನ ಹೆಸರು ಕೇಳಿಬಂದದ್ದು ಅಂಕಗಳಿಂದಲ್ಲ, ವಾಕ್ಪಟುತ್ವದಿಂದ. 1879ರಲ್ಲಿ ಷೇಕ್ಸ್‌ಪಿಯರನ ಇಯಾಗೋ ಪಾತ್ರವನ್ನು ಕುರಿತು ಮಾತನಾಡಿ ಅಂತರಪ್ರಾಂತೀಯ ಭಾಷಣ ಸ್ಪರ್ಧೆಯಲ್ಲಿ ಮೊದಲಿಗನಾದನು. ನಮ್ಮ ಚರ್ಚಾಸಂಘದ ಗೆಳೆಯರು ಇದನ್ನು ಗಮನಿಸಬಹುದು. ಈತನ ಪತ್ನಿ ಬೆಲ್ ಕೇಸ್ ಅದೇ ವಿಶ್ವವಿದ್ಯಾನಿಲಯದಲ್ಲಿ ಕಾನೂನು ಪದವಿ ಪಡೆದ ಮೊದಲ ಮಹಿಳೆ.

ವಕೀಲಿ, ಕಾಂಗ್ರೆಸ್ಸಿನ ಸದಸ್ಯತ್ವ ಇವೆಲ್ಲ ಆದ ಮೇಲೆ 1901ರಲ್ಲಿ ಈತನು ವಿಸ್ಕಾನ್ಸಿನ್ನಿನ ಗವರ್ನರಾದನು. ರೈಲ್ವೆ ಕಂಪನಿಗಳು ತಮ್ಮ ಪಾಲಿನ ತೆರಿಗೆಯನ್ನು ಸರಿಯಾಗಿ ತೆರುವಂತೆ ಮಾಡಿದನು. ಅಭ್ಯರ್ಥಿಗಳನ್ನು ಪಕ್ಷದ ಯಜಮಾನರ ಬದಲು ಮತದಾರರೇ ಆರಿಸುವ ಪದ್ಧತಿ ತಂದನು. ಶಾಸನಗಳನ್ನು ರೂಪಿಸುವಾಗ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರ ಸಲಹೆ ಕೇಳುತ್ತಿದ್ದನು. ತನ್ನ ಸಹಪಾಠಿ ಚಾರ್ಲ್ಸ್ ವಾನ್ ಹೈಸ್ 1903ರಲ್ಲಿ ಅದರ ಅಧ್ಯಕ್ಷನಾಗಲು ನೆರವಾದನು. ಈ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು.

1906ರಲ್ಲಿ ಈತನು ಸೆನೆಟ್ ಸೇರಿದನು. ರಿಪಬ್ಲಿಕನ್ ಪಕ್ಷದವನಾದರೂ ಸ್ವಪಕ್ಷದ ಅಧ್ಯಕ್ಷ ಟಾಫ್ಟನನ್ನು ಟೀಕಿಸಿದನು. ಎದುರು ಪಕ್ಷದ ವಿಲ್ಸನ್ ಅಧ್ಯಕ್ಷನಾದಾಗ ಅವನ ಹಲವು ಸುಧಾರಣೆಗಳನ್ನು ಬೆಂಬಲಿಸಿದನು. ನಾವಿಕರ ದುಡಿಮೆಯ ಸ್ಥಿತಿಯನ್ನು ಉತ್ತಮಪಡಿಸಿದ 1915ರ ಶಾಸನ ಲಾ ಫಾಲೆಟ್ಟನ ಪ್ರಯತ್ನದ ಫಲ. ಅದಕ್ಕೆ ಸಹಿ ಹಾಕಿದವನು ವಿಲ್ಸನ್ನನೇ. ಆದ್ದರಿಂದ ಮುಂದೆ ನಡೆದ ವಿರೋಧವನ್ನು ಬರಿಯ ಪಕ್ಷದ್ವೇಷವೆಂದು ತಳ್ಳಿಹಾಕುವಂತಿಲ್ಲ.

1917ರ ಆರಂಭದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಎಲ್ಲ ಹಡಗುಗಳ ಮೇಲೂ ದಾಳಿ ಆರಂಭಿಸಿದವು. ವ್ಯಾಪಾರದ ಹಡಗುಗಳಿಗೆ ಶಸ್ತ್ರ ಒದಗಿಸುವ ಅಧಿಕಾರವನ್ನು ವಿಲ್ಸನ್ ಕೇಳಿದನು. ಲಾ ಫಾಲೆಟ್ ಮತ್ತು ಕೆಲವರು ಅಧಿವೇಶನ ಮುಗಿಯುವ ಮಾರ್ಚ್ 4ರವರೆಗೂ ಚರ್ಚೆಯನ್ನು ಎಳೆದು ಆ ಮಸೂದೆ ಮತಕ್ಕೆ ಬಾರದಂತೆ ತಡೆದರು. ಕೋಪಗೊಂಡ ಅಧ್ಯಕ್ಷನು ತನ್ನ ಅಧಿಕಾರದಿಂದಲೇ ಹಡಗುಗಳಿಗೆ ಶಸ್ತ್ರ ಕೊಟ್ಟನು. ಸೆನೆಟ್ಟು ನಾಲ್ಕೇ ದಿನಗಳಲ್ಲಿ ಚರ್ಚೆಗೆ ಮಿತಿ ಹಾಕುವ ಹೊಸ ನಿಯಮ ಮಾಡಿಕೊಂಡಿತು.

ಏಪ್ರಿಲ್ 2ರಂದು ವಿಲ್ಸನ್ ಯುದ್ಧ ಘೋಷಣೆಯನ್ನು ಬೇಡಿದನು. 4ರಂದು ಲಾ ಫಾಲೆಟ್ ಕೆಲವು ಗಂಟೆಗಳ ಕಾಲ ಮಾತನಾಡಿದನು. ಉತ್ತರ ಸಮುದ್ರದಲ್ಲಿ ಮೈನುಗಳನ್ನು ಹರಡಿದ ಬ್ರಿಟನ್ನಿನ ತಪ್ಪನ್ನು ಸಹಿಸಿ ಜರ್ಮನಿಯ ತಪ್ಪನ್ನು ಮಾತ್ರ ಎತ್ತಿ ಹಿಡಿಯುವುದು ತಟಸ್ಥನೀತಿಯಲ್ಲವೆಂದನು. ರಣರಂಗದಲ್ಲಿ ಸಾಯಲಿರುವ ಬಡವರನ್ನು ಯಾರೂ ಕೇಳಿಲ್ಲವೆಂದನು. ಇದು ಪ್ರಜಾಪ್ರಭುತ್ವದ ಯುದ್ಧವಾದರೆ, ಐರ್ಲೆಂಡ್, ಈಜಿಪ್ಟ್ ಮತ್ತು ಭಾರತಗಳಿಗೆ ಸ್ವರಾಜ್ಯ ಕೊಡಬೇಕೆಂದು ಅಧ್ಯಕ್ಷನು ಬ್ರಿಟನ್ನಿಗೆ ಷರತ್ತು ಹಾಕಿಲ್ಲವೇಕೆ ಎಂಬುದು ಆತನ ಇನ್ನೊಂದು ಆಕ್ಷೇಪ. ಸಾವಿರಾರು ಮೈಲಿಗಳಾಚೆ, ತನಗೆ ಒಂದು ಮತವನ್ನೂ ಕೊಡಲಾಗದ ನಮ್ಮ ಜನರ ಹೆಸರನ್ನು ಆ ಹೊತ್ತಿನಲ್ಲಿ ಎತ್ತಿದನೆಂಬುದನ್ನು ಓದಿದಾಗ ನನಗೆ ಈತನ ಮೇಲಿನ ಗೌರವ ಇಮ್ಮಡಿಯಾಯಿತು. ಜಲಾಂತರ್ಗಾಮಿಗಳಿಂದ ಮಡಿದವರ ವಿಷಯದಲ್ಲಿ ಈತನ ವಾದ ಸ್ವಲ್ಪ ನಿಷ್ಠುರವಾಗಿತ್ತೆಂದೂ ನನಗೆ ತೋರುತ್ತದೆ. ಯುದ್ಧದ ನಿರ್ಣಯ 82 ಮತಗಳಿಂದ ಗೆದ್ದಿತು. ವಿರುದ್ಧ ಬಿದ್ದವು 6.

ಯುದ್ಧ ಘೋಷಣೆಯಾದ ಮೇಲೂ ಈತನು ಸುಮ್ಮನಾಗಲಿಲ್ಲ. ಕಡ್ಡಾಯ ಸೈನ್ಯಭರ್ತಿಯನ್ನೂ, ಟೀಕೆಯನ್ನು ಅಪರಾಧವಾಗಿಸಬಲ್ಲ ಗೂಢಚರ್ಯೆ ಶಾಸನವನ್ನೂ ವಿರೋಧಿಸಿದನು. ಯುದ್ಧದಿಂದ ಲಾಭ ಗಳಿಸಿದವರ ಮೇಲೆ ಭಾರಿ ತೆರಿಗೆ ಹಾಕಿರೆಂದು ಒತ್ತಾಯಿಸಿದನು. ಸೆಪ್ಟೆಂಬರಿನಲ್ಲಿ ಸೇಂಟ್ ಪಾಲ್ ನಗರದಲ್ಲಿ, ಜರ್ಮನಿಯ ಮೇಲೆ ನಮಗೆ ದೂರುಗಳಿದ್ದರೂ ಅವು ಯುದ್ಧಕ್ಕೆ ಸಾಲವೆಂಬ ಅರ್ಥದಲ್ಲಿ ಮಾತನಾಡಿದನು. ದೂರುಗಳೇ ಇಲ್ಲವೆಂದು ಹೇಳಿದನೆಂಬ ವರದಿಯನ್ನು ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆ ದೇಶದ ತುಂಬ ಕಳಿಸಿತು. ಒಂದು ಇಲ್ಲ ಎಂಬ ಪದದಿಂದ ಈತನು ದೇಶದ್ರೋಹಿಯಾದನು! ಉಚ್ಚಾಟನೆಯ ಅರ್ಜಿಗಳು ಬಂದವು. ಅಕ್ಟೋಬರ್ 6ರಂದು ಸೆನೆಟ್ಟಿನಲ್ಲಿ ಎದ್ದು ನಿಂತು, ಮೆಕ್ಸಿಕೋ ಯುದ್ಧವನ್ನು ಲಿಂಕನ್ನನೂ ವೆಬ್‌ಸ್ಟರನೂ ಹೇಗೆ ಟೀಕಿಸಿದ್ದರೆಂಬುದನ್ನು ನೆನಪಿಸಿ, ಯುದ್ಧಕಾಲದಲ್ಲಿಯೂ ಪ್ರಜೆಗೆ ಮಾತಿನ ಹಕ್ಕಿದೆಯೆಂದು ವಾದಿಸಿದನು.

ಕಾಲೇಜಿನವರಾದ ನಮ್ಮನ್ನು ಹೆಚ್ಚು ತಟ್ಟಬೇಕಾದ ಘಟನೆ 1918ರ ಜನವರಿಯದು. ಮ್ಯಾಡಿಸನ್ನಿನ ಪ್ರಾಧ್ಯಾಪಕರಲ್ಲಿ ಬಹುಪಾಲು ಜನರು ಈತನನ್ನು ಖಂಡಿಸುವ ಪತ್ರಕ್ಕೆ ಸಹಿ ಹಾಕಿದರು. ವಾನ್ ಹೈಸನ ಸಹಿಯೂ ಅದರಲ್ಲಿತ್ತು. ಆಡಳಿತದ ಕೋಪಕ್ಕೆ ಹೆದರಿ ಹಾಕಿದವರು ಎಷ್ಟು, ನಂಬಿ ಹಾಕಿದವರು ಎಷ್ಟು, ಎಣಿಸುವವರಾರು? ಪತ್ರಿಕಾಸಂಸ್ಥೆ ಆ ಮೇ ತಿಂಗಳಲ್ಲಿ ತನ್ನ ವರದಿ ತಪ್ಪೆಂದು ಒಪ್ಪಿತು. ವಾನ್ ಹೈಸ್ ಅದೇ ವರ್ಷ ತೀರಿಕೊಂಡನು. 1919ರ ಜನವರಿಯಲ್ಲಿ, ಯುದ್ಧ ಮುಗಿದ ಮೇಲೆ, ಸೆನೆಟ್ಟು 50ಕ್ಕೆ 21 ಮತಗಳಿಂದ ಆರೋಪಗಳನ್ನು ವಜಾ ಮಾಡಿತು.

1922ರಲ್ಲಿ ವಿಸ್ಕಾನ್ಸಿನ್ನಿನ ಮತದಾರರು ಈತನನ್ನು ಭಾರಿ ಬಹುಮತದಿಂದ ಮತ್ತೆ ಆರಿಸಿದರು. ಆಗ ಹಾರ್ಡಿಂಗ್ ಅಧ್ಯಕ್ಷ, ಸ್ವಪಕ್ಷದವನೇ. ನೌಕಾಪಡೆಗೆಂದು ಕಾದಿರಿಸಿದ್ದ ಟೀಪಾಟ್ ಡೋಮ್ ಎಣ್ಣೆ ಪ್ರದೇಶವನ್ನು ಗುಟ್ಟಾಗಿ ಗುತ್ತಿಗೆ ಕೊಟ್ಟದ್ದರ ವಿಚಾರಣೆಯಾಗಬೇಕೆಂಬ ನಿರ್ಣಯವನ್ನು ಅದೇ ವರ್ಷ ತಂದವನು ಲಾ ಫಾಲೆಟ್ಟನೇ. ಮಂತ್ರಿ ಆಲ್ಬರ್ಟ್ ಫಾಲ್ 1929ರಲ್ಲಿ ಲಂಚದ ಅಪರಾಧಕ್ಕಾಗಿ ಶಿಕ್ಷೆಗೊಳಗಾದನು. 1924ರಲ್ಲಿ ಸ್ವತಂತ್ರವಾಗಿ ಅಧ್ಯಕ್ಷ ಪದವಿಗೆ ನಿಂತ ಲಾ ಫಾಲೆಟ್ಟನಿಗೆ ಸುಮಾರು 48 ಲಕ್ಷ ಮತಗಳು ಬಂದವು. ಗೆದ್ದದ್ದು ಮಾತ್ರ ವಿಸ್ಕಾನ್ಸಿನ್ ಒಂದೇ ಪ್ರಾಂತ. ಮರುವರ್ಷ ಜೂನ್ 18ರಂದು ತೀರಿಕೊಂಡನು. ತೆರವಾದ ಸ್ಥಾನಕ್ಕೆ ಮಗನಾದ ಕಿರಿಯ ರಾಬರ್ಟ್ ಆರಿಸಿ ಬಂದು, 1946ರಲ್ಲಿ ಜೋಸೆಫ್ ಮೆಕಾರ್ಥಿಗೆ ಸೋಲುವವರೆಗೂ ಅಲ್ಲಿ ಕುಳಿತಿದ್ದನು.