ಡೈವ್ ಲಾಗ್ ಬರೀ ನೆನಪಿನ ಪುಸ್ತಕವೇ? ಹಾಲ್ಡೇನ್ ಬದುಕು ಹೇಳುವ ಉತ್ತರ

ಸ್ಕೂಬಾ ಡೈವಿಂಗ್ ಕಲಿಯುವವರಿಗೆ ಲಾಗ್‌ಬುಕ್ ಬರೆಯಲು ಹೇಳಿಕೊಡುತ್ತಾರೆ. ಎಷ್ಟು ಆಳಕ್ಕೆ ಇಳಿದೆವು, ಎಷ್ಟು ಹೊತ್ತು ನೀರಿನಲ್ಲಿದ್ದೆವು ಎಂದು ಪ್ರತಿ ಸಲ ಬರೆದಿಡುವ ಪುಸ್ತಕ ಅದು. ಕಂಡ ಮೀನು, ಆಮೆಗಳ ನೆನಪಿಗಷ್ಟೇ ಅದು ಎಂದು ಹಲವರು ತಿಳಿದಿದ್ದಾರೆ. ಕೈಗೆ ಕಟ್ಟುವ ಡೈವ್ ಕಂಪ್ಯೂಟರ್ ಇರುವಾಗ ಬರೆಯುವ ಕಷ್ಟ ಏಕೆ ಎಂದು ಕೇಳುವವರೂ ಇದ್ದಾರೆ. ಇದಕ್ಕೆ ಉತ್ತರ ಹುಡುಕಲು ನಾವು ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಅವರ ಬದುಕನ್ನು ನೋಡೋಣ.

ಹಾಲ್ಡೇನ್ ಹುಟ್ಟಿದ್ದು 1892ರ ನವೆಂಬರ್ 5ರಂದು, ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ. ತಂದೆ ಜಾನ್ ಸ್ಕಾಟ್ ಹಾಲ್ಡೇನ್ ಉಸಿರಾಟದ ಬಗ್ಗೆ ಸಂಶೋಧನೆ ಮಾಡುತ್ತಿದ್ದವರು. ಆಗ ಆಳದಿಂದ ಮೇಲೆ ಬಂದ ಮುಳುಗುಗಾರರಿಗೆ ಕೀಲುನೋವು, ಲಕ್ವ, ಕೆಲವೊಮ್ಮೆ ಸಾವೂ ಬರುತ್ತಿತ್ತು. ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯ ನೈಟ್ರೋಜನ್ ಹೆಚ್ಚಾಗಿ ರಕ್ತದಲ್ಲಿ, ಅಂಗಾಂಶಗಳಲ್ಲಿ ಕರಗುತ್ತದೆ. ಥಟ್ಟನೆ ಮೇಲೆ ಬಂದರೆ, ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ, ಅದು ಗುಳ್ಳೆಗಳಾಗಿ ಹೊರಬರುತ್ತದೆ. ಇದೇ ಡಿಕಂಪ್ರೆಷನ್ ಕಾಯಿಲೆ.

ತಂದೆ ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಪರೀಕ್ಷಿಸಿದರು. ಆಳ, ಸಮಯ, ಮೇಲೆ ತಂದ ವೇಗ, ಆಮೇಲೆ ಕಂಡ ಲಕ್ಷಣ ಎಲ್ಲವನ್ನೂ ಲೆಕ್ಕವಿಟ್ಟರು. ಅದರ ಆಧಾರದಲ್ಲಿ, ಹಂತಹಂತವಾಗಿ ನಿಂತು ಮೇಲೆ ಬರುವ ಕೋಷ್ಟಕಗಳು 1908ರಲ್ಲಿ ಪ್ರಕಟವಾದವು. ಈ ಕೆಲಸ ನಡೆಯುತ್ತಿದ್ದಾಗ, 1906ರಲ್ಲಿ, ಸ್ಕಾಟ್ಲೆಂಡಿನ ಕಡಲಿನಲ್ಲಿ 13 ವರ್ಷದ ಮಗನೂ ಮುಳುಗುಡುಪು ತೊಟ್ಟು ನೀರಿಗಿಳಿದಿದ್ದ. ಉಡುಪು ಅಳತೆಗೆ ದೊಡ್ಡದಾಗಿ, ಒಳಗೆ ನೀರು ನುಗ್ಗಿತ್ತು.

ಮುಂದೆ ಮಗ ಹೆಸರು ಮಾಡಿದ್ದು ತಳಿವಿಜ್ಞಾನದಲ್ಲಿ. ಆದರೆ 1939ರ ಜೂನ್ 1ರಂದು ಬ್ರಿಟನ್ನಿನ ಥೀಟಿಸ್ ಜಲಾಂತರ್ಗಾಮಿ ಮುಳುಗಿ 99 ಜನ ಸತ್ತಾಗ, ಅವರು ಮತ್ತೆ ಒತ್ತಡದ ಕೋಣೆಗೆ ಹೋದರು. ಈ ಸಲ ಆಡುಗಳ ಜಾಗದಲ್ಲಿ ತಾವೇ ಕುಳಿತರು. ಜೊತೆಗೆ ಹೆಲೆನ್ ಸ್ಪರ್‌ವೇ ಮತ್ತು ಇತರ ಸ್ವಯಂಸೇವಕರಿದ್ದರು. ಹೆಚ್ಚಿನ ಒತ್ತಡದಲ್ಲಿ ಲೆಕ್ಕ ಮಾಡಿಸಿ, ಬುದ್ಧಿ ಎಷ್ಟು ಮಂಕಾಗುತ್ತದೆ ಎಂದು ನೋಡಿದರು. ಶುದ್ಧ ಆಮ್ಲಜನಕ ಉಸಿರಾಡಿದಾಗ ಅವರಿಗೆ ಫಿಟ್ಸ್ ಬಂದು ಬೆನ್ನುಮೂಳೆಗೆ ಪೆಟ್ಟಾಯಿತು. ಆ ನೋವು ಅವರನ್ನು ಬಹುಕಾಲ ಕಾಡಿತು.

ಇಲ್ಲೊಂದು ತಪ್ಪು ನಂಬಿಕೆಯನ್ನು ಬಿಡಿಸಬೇಕು. ಹವ್ಯಾಸಿ ಡೈವರ್‌ಗಳ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಇರುವುದು ಆಮ್ಲಜನಕವಲ್ಲ, ಒತ್ತಿ ತುಂಬಿದ ಮಾಮೂಲಿ ಗಾಳಿ. ಶುದ್ಧ ಆಮ್ಲಜನಕ ಸುಮಾರು 6 ಮೀಟರಿಗಿಂತ ಆಳದಲ್ಲಿ ವಿಷವಾಗಬಲ್ಲದು.

1957ರಲ್ಲಿ ಹಾಲ್ಡೇನ್ ಕಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಗೆ ಬಂದರು, ಮುಂದೆ ಭಾರತದ ಪೌರರೇ ಆದರು. 1964ರ ಡಿಸೆಂಬರ್ 1ರಂದು ಭುವನೇಶ್ವರದಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಇಚ್ಛೆಯಂತೆ ದೇಹವನ್ನು ಕಾಕಿನಾಡದ ರಂಗರಾಯ ವೈದ್ಯಕೀಯ ಕಾಲೇಜಿಗೆ ಕೊಡಲಾಯಿತು. ಸತ್ತ ಮೇಲೂ ಆ ದೇಹ ಕಲಿಕೆಗೆ ಒದಗಿತು.

ತಂದೆ ಮಗ ಇಬ್ಬರ ಕೆಲಸದಲ್ಲೂ ನಮಗೆ ಕಾಣುವುದು ಒಂದೇ. ಮೈಗೆ ಆದದ್ದನ್ನು ಆಳ ಮತ್ತು ಸಮಯದ ಜೊತೆ ಸೇರಿಸಿ ಬರೆದಿಟ್ಟಾಗಲೇ ಅದು ಇನ್ನೊಬ್ಬರ ಜೀವ ಉಳಿಸುವ ತಿಳಿವಳಿಕೆಯಾಗುತ್ತದೆ. ಡೈವ್ ಕಂಪ್ಯೂಟರ್ ಆಳ, ಸಮಯ ಹೇಳೀತು. ಕಿವಿ ನೋವಿತ್ತೇ, ಚಳಿ ಹತ್ತಿತ್ತೇ, ಹಿಂದಿನ ರಾತ್ರಿ ನಿದ್ದೆಯಾಗಿತ್ತೇ ಎಂಬುದು ಅದಕ್ಕೆ ಗೊತ್ತಿಲ್ಲ.

ಹಾಗಾದರೆ ಏನು ಬರೆಯಬೇಕು? ತಾರೀಖು, ಜಾಗ, ಜೊತೆಗಾರರ ಹೆಸರು, ನೀರಿಗೆ ಇಳಿದ ಮತ್ತು ಹೊರಬಂದ ಗಳಿಗೆ, ಅತಿ ಹೆಚ್ಚಿನ ಆಳ, ಯಾವ ಗಾಳಿ, ಶುರುವಿನಲ್ಲಿ ಮತ್ತು ಕೊನೆಯಲ್ಲಿ ಸಿಲಿಂಡರಿನ ಒತ್ತಡ, ಮೇಲೆ ಬರುವಾಗ ನಿಂತ ಆಳ, ಹೊತ್ತು, ಕಟ್ಟಿಕೊಂಡ ತೂಕ, ನೀರಿನ ತಾಪ, ಸೆಳೆತ, ಉಪಕರಣದ ತೊಂದರೆ, ಆಮೇಲೆ ಮೈ ಹೇಗಿತ್ತು.

ಇದರಲ್ಲಿ ನೀರಿನಿಂದ ಹೊರಬಂದ ಗಳಿಗೆ ಮೈಸೂರು ಸೀಮೆಯವರಿಗೆ ಬಹಳ ಮುಖ್ಯ. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡಿ, ಅಂದೇ ಸಂಜೆ ಹುಣಸೂರಿಗೋ ಕೆ.ಆರ್. ನಗರಕ್ಕೋ ಹೊರಟವರು ಘಟ್ಟ ಹತ್ತಲೇಬೇಕು. ಪಿರಿಯಾಪಟ್ಟಣ, ಎಚ್.ಡಿ. ಕೋಟೆಯೂ ಸೇರಿ ಈ ನಾಲ್ಕೂ ಊರುಗಳು ಸಮುದ್ರಮಟ್ಟದಿಂದ 600 ಮೀಟರಿಗಿಂತ ಮೇಲಿವೆ. ದಾರಿಯ ಮಡಿಕೇರಿಯಂತೂ 1,100 ಮೀಟರಿಗೂ ಎತ್ತರ. ಎತ್ತರ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ, ಮೈಯಲ್ಲಿ ಉಳಿದ ನೈಟ್ರೋಜನ್ ಗುಳ್ಳೆಯಾಗುವ ಅಪಾಯ ಹೆಚ್ಚುತ್ತದೆ. ವಿಮಾನ ಹತ್ತುವ ಮೊದಲು ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆದರೆ 18 ಗಂಟೆ ಕಾಯಬೇಕೆಂಬುದು ಸಾಮಾನ್ಯ ಸಲಹೆ. ಘಟ್ಟ ಹತ್ತುವಾಗಲೂ ಅದೇ ಎಚ್ಚರ ಒಳ್ಳೆಯದು. ಆ ರಾತ್ರಿ ಕರಾವಳಿಯಲ್ಲೇ ತಂಗಿದರೆ ಕಳೆದುಕೊಳ್ಳುವುದೇನೂ ಇಲ್ಲ.

ಊರಿಗೆ ಬಂದ ಮೇಲೆ ಕೀಲುನೋವು, ಜೋಮು, ತಲೆಸುತ್ತು, ವಿಪರೀತ ಸುಸ್ತು ಕಂಡರೆ ಪ್ರಯಾಣದ ಆಯಾಸ ಎಂದು ಸುಮ್ಮನಿರಬೇಡಿ. ಆಸ್ಪತ್ರೆಗೆ ಹೋಗಿ, ಡೈವ್ ಮಾಡಿದ್ದನ್ನು ಮೊದಲೇ ಹೇಳಿ, ಲಾಗ್‌ಬುಕ್ ತೋರಿಸಿ. ಕಡಲಿನಿಂದ ದೂರದ ವೈದ್ಯರಿಗೆ ಈ ಕಾಯಿಲೆಯ ಸುಳಿವು ಸಿಗುವುದು ಆ ಪುಟದಿಂದಲೇ.