ಡಾ. ಮರಿಯಾ ಮಾಂಟೆಸ್ಸರಿ

ಜೂನ್ ತಿಂಗಳು ಬಂತೆಂದರೆ ನಮ್ಮ ಹುಬ್ಬಳ್ಳಿ-ಧಾರವಾಡದ ಬಾಲವಾಡಿಗಳ ಬಾಗಿಲಲ್ಲಿ ತಾಯಿಯ ಸೆರಗು ಬಿಡದೆ ಅಳುವ ಕೂಸುಗಳನ್ನು ನಾವೆಲ್ಲರೂ ಕಂಡಿದ್ದೇವೆ. ಇಂತಹ ಕಂದಮ್ಮಗಳಿಗಾಗಿಯೇ ಬಾಳು ಸವೆಸಿದವರು ಡಾ. ಮರಿಯಾ ಮಾಂಟೆಸ್ಸರಿಯವರು.

ಇಟಲಿಯ ಕಿಯಾರವಲ್ಲೆಯಲ್ಲಿ 1870ರ ಆಗಸ್ಟ್ 31ರಂದು ಜನಿಸಿದ ಈ ಕಥೋಲಿಕ ಮಹಿಳೆ 1896ರಲ್ಲಿ ರೋಮಿನಲ್ಲಿ ವೈದ್ಯ ಪದವಿ ಪಡೆದರು. 1898ರಲ್ಲಿ ವಿವಾಹಬಂಧನವಿಲ್ಲದೆ ಮಗ ಮಾರಿಯೊ ಹುಟ್ಟಿದನು. ಅಂದಿನ ಸಮಾಜಕ್ಕೆ ಅಂಜಿ ಕೂಸನ್ನು ಹಳ್ಳಿಯ ಸಾಕುತಾಯಿಗೆ ಒಪ್ಪಿಸಬೇಕಾಯಿತು. ಆತನು ತಾಯಿಯ ಮನೆ ಸೇರಿದ್ದು ಹದಿಹರೆಯದಲ್ಲಿ. ಈ ಸಂಗತಿಯನ್ನು ಮರೆಮಾಚುವುದು ನಮಗೆ ಸರಿದೋರದು. ಮಗುವಿನ ಅಗಲಿಕೆ ಏನೆಂಬುದು ಅವರಿಗೆ ಸ್ವಾನುಭವದಿಂದಲೇ ತಿಳಿದಿತ್ತು.

1907ರ ಜನವರಿ 6, ಮೂರು ರಾಯರ ಹಬ್ಬದಂದು, ರೋಮಿನ ಬಡಕೇರಿಯಾದ ಸಾನ್ ಲೊರೆಂಜೊದ ವಠಾರವೊಂದರಲ್ಲಿ ಅವರ ಮೊದಲ 'ಮಕ್ಕಳ ಮನೆ' ತೆರೆಯಿತು. ಬಂದ ಸುಮಾರು 50 ಮಕ್ಕಳು ಅಳುತ್ತಿದ್ದರು, ಹೆದರಿದ್ದರು, ಕೇಳಿದರೆ ಮಾತೇ ಆಡುತ್ತಿರಲಿಲ್ಲ. ಬರಬರುತ್ತಾ ಅಲ್ಲಿ ಶಿಕ್ಷೆ, ಬಹುಮಾನಗಳೆರಡೂ ಇಲ್ಲವಾದವು. ಎಳೆಯ ಕೈಗೆಟುಕುವ ಮೇಜು-ಕುರ್ಚಿಗಳು ಬಂದವು. ಮಗು ತನ್ನ ಕೆಲಸವನ್ನು ತಾನೇ ಆರಿಸಿಕೊಳ್ಳತೊಡಗಿತು. ಶಾಲೆಯು ವಠಾರದೊಳಗೇ ಇದ್ದುದರಿಂದ ತಾಯಂದಿರು ಬೇಕೆಂದಾಗ ಬಂದು ನೋಡಬಹುದಿತ್ತು. ವಾರಕ್ಕೊಮ್ಮೆಯಾದರೂ ಶಿಕ್ಷಕಿಯೊಡನೆ ಮಾತನಾಡಬಹುದೆಂಬ ನಿಯಮವೂ ಇತ್ತು. (ಈ ನಿಯಮವನ್ನು ನಾವು ಎಲ್ಲಿಯೋ ಕೈಬಿಟ್ಟಂತಿದೆ.) ಅಳುತ್ತಿದ್ದ ಮಕ್ಕಳು ಕ್ರಮೇಣ ಮೈಮರೆತು ಕೆಲಸದಲ್ಲಿ ತೊಡಗಿದರು.

1939ರಲ್ಲಿ ಮಗನೊಂದಿಗೆ ಮದರಾಸಿಗೆ ಬಂದರು. ಮರುವರ್ಷ ಇಟಲಿ ಯುದ್ಧಕ್ಕಿಳಿಯಲು, ಬ್ರಿಟಿಷ್ ಸರಕಾರವು ಮಾರಿಯೊರವರನ್ನು ಅಹಮದನಗರದಲ್ಲಿ ಸೆರೆಯಿಟ್ಟಿತು. ಆಗ ನಮ್ಮ ಧಾರವಾಡವೂ ಅದೇ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ತಾಯಿಯ 70ನೆಯ ಹುಟ್ಟುಹಬ್ಬಕ್ಕೆ ಕಾಣಿಕೆಯಾಗಿ ಅವರ ಬಿಡುಗಡೆಯಾಯಿತು. 1952ರ ಮೇ 6ರಂದು ಹಾಲೆಂಡಿನ ನೋರ್ಡ್‌ವೈಕ್‌ನಲ್ಲಿ ಮರಿಯಾ ಕೊನೆಯುಸಿರೆಳೆದಾಗ ಮಾರಿಯೊ ಬಳಿಯಲ್ಲಿಯೇ ಇದ್ದರು.