ಸೊನ್ನೆ-ಒಂದರ ಆಚೆಗೆ ನೋಡಿದ ಫೈನ್‌ಮನ್

ಇಂಜಿನಿಯರಿಂಗ್ ಓದುವಾಗ ನನಗೆ ಕಂಪ್ಯೂಟರ್ ಅಂದ್ರೆ ಸೊನ್ನೆ ಮತ್ತು ಒಂದು, ಅಷ್ಟೇ. ಚಿಪ್ ಸಣ್ಣದಾಗುತ್ತೆ, ವೇಗ ಹೆಚ್ಚುತ್ತೆ, ಇವತ್ತಾಗದ ಲೆಕ್ಕ ನಾಳೆ ಆಗೇ ಆಗುತ್ತೆ ಅಂತ ನಂಬಿದ್ದೆ. ಆ ನಂಬಿಕೆ ಕೆಡಿಸಿದವರು 1988ರಲ್ಲೇ ತೀರಿಕೊಂಡ ರಿಚರ್ಡ್ ಫೈನ್‌ಮನ್.

1918ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಇವರು ಇಪ್ಪತ್ತೈದರ ಆಸುಪಾಸಿನಲ್ಲಿ ಲಾಸ್ ಅಲಮೋಸ್ ಸೇರಿದರು. ಅಲ್ಲಿ ಐಬಿಎಂ ಪಂಚ್ ಕಾರ್ಡ್ ಯಂತ್ರಗಳಿಂದ ಅಣುಬಾಂಬಿನ ಲೆಕ್ಕ ತೆಗೆಸಿದರು. ಆ ಲೆಕ್ಕದ ಕೊನೆಯಲ್ಲಿದ್ದದ್ದು ನಾಗಸಾಕಿ. ಯುದ್ಧ ಮುಗಿದ ಮೇಲೆ ಅವರನ್ನು ಖಿನ್ನತೆ ಕಾಡಿತು. ಅವರ ಜಾಣತನವನ್ನು ಮೆಚ್ಚುವಾಗ ನಾವು ಇದನ್ನು ಮರೆಯಬಾರದು.

1965ರಲ್ಲಿ ನೊಬೆಲ್ ಬಂತು. 1981ರಲ್ಲಿ ಎಂಐಟಿಯ ಸಮ್ಮೇಳನವೊಂದರಲ್ಲಿ ಅವರು ಸರಳ ಪ್ರಶ್ನೆಯೊಂದನ್ನು ಎತ್ತಿದರು: ಪ್ರಕೃತಿಯನ್ನು ನಮ್ಮ ಕಂಪ್ಯೂಟರ್ ಪೂರ್ತಿ ಅನುಕರಿಸಬಲ್ಲದೇ?

ತೊಡಕು ಇಲ್ಲಿದೆ. ಸಾಮಾನ್ಯ ಕಂಪ್ಯೂಟರಿನ 10 ಬಿಟ್‌ಗಳ ಸ್ಥಿತಿ ಹೇಳೋಕೆ 10 ಅಂಕಿ ಸಾಕು. ಅದೇ 10 ಕ್ಯೂಬಿಟ್‌ಗಳ ಸ್ಥಿತಿಗೆ 1,024 ಸಂಖ್ಯೆ ಬೇಕು. 20 ಆದರೆ 10 ಲಕ್ಷ ದಾಟುತ್ತೆ, 30 ಆದರೆ 107 ಕೋಟಿ. ಹಾಗಾದ್ರೆ ಕ್ವಾಂಟಂ ನಿಯಮದಲ್ಲೇ ನಡೆಯುವ ಯಂತ್ರ ಕಟ್ಟಿದರಾಯ್ತಲ್ಲ ಅನ್ನೋದು ಫೈನ್‌ಮನ್ ವಾದ.

ಅಂಥ ಯಂತ್ರ ಎಲ್ಲಾ ಉತ್ತರಗಳನ್ನೂ ಒಟ್ಟಿಗೇ ಪರೀಕ್ಷಿಸಿ ಸರಿಯಾದದ್ದನ್ನು ಕೊಡುತ್ತೆ ಅನ್ನೋದು ಮಾತ್ರ ತಪ್ಪು. ಅಳೆದಾಗ ಸಿಗೋದು ಒಂದೇ ಉತ್ತರ. ನಿಜವಾದ ವ್ಯತ್ಯಾಸ ಇರೋದು ಬೇರೆ ಕಡೆ. ಸಾಮಾನ್ಯ ಸಂಭವನೀಯತೆಗಳನ್ನು ಕೂಡಬಹುದು, ಅವು ಒಂದನ್ನೊಂದು ಅಳಿಸಲಾರವು. ಕ್ವಾಂಟಂ ಸಂಖ್ಯೆಗಳು ಅಲೆಗಳ ಹಾಗೆ ಬಲಪಡಿಸುತ್ತವೆ, ಅಳಿಸುತ್ತವೆ ಕೂಡ. ತಪ್ಪು ಉತ್ತರಗಳು ಅಳಿಸಿಹೋಗುವಂತೆ ಲೆಕ್ಕ ಹೆಣೆಯೋದೇ ಕಷ್ಟದ ಕೆಲಸ. ಆ ಹೆಣಿಗೆ ಎಲ್ಲ ಸಮಸ್ಯೆಗೂ ದಕ್ಕಲ್ಲ.

1986ರಲ್ಲಿ ಚಾಲೆಂಜರ್ ನೌಕೆ ಸಿಡಿದು ಏಳು ಜನ ಸತ್ತರು. ಕ್ಯಾನ್ಸರ್ ಇದ್ದರೂ ಫೈನ್‌ಮನ್ ತನಿಖಾ ಆಯೋಗದಲ್ಲಿ ಕೂತರು. ಅಪಾಯ ಲಕ್ಷಕ್ಕೊಂದು ಎಂದಿದ್ದ ನಾಸಾ ಅಧಿಕಾರಿಗಳಿಗೂ ನೂರಕ್ಕೊಂದು ಎಂದಿದ್ದ ಇಂಜಿನಿಯರ್‌ಗಳಿಗೂ ನಡುವಿನ ಕಂದಕವನ್ನು ಬಯಲಿಗಿಟ್ಟರು.

2023ರಲ್ಲಿ ನಮ್ಮ ಕೇಂದ್ರ ಸಂಪುಟವೂ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ 6,003 ಕೋಟಿ ರೂಪಾಯಿ ಒಪ್ಪಿತು. ನಾನು ಇದರ ವಿರೋಧಿಯಲ್ಲ. ಆದರೆ ಇನ್ಮೇಲೆ ಯಾರಾದರೂ ವೇದಿಕೆ ಮೇಲೆ ಕ್ಯೂಬಿಟ್ ಸಂಖ್ಯೆ ಹೇಳಿದರೆ, ಚಪ್ಪಾಳೆಗೆ ಮೊದಲು ಎರಡು ಪ್ರಶ್ನೆ ಕೇಳಿ: ಯಾವ ಸಮಸ್ಯೆ ಬಿಡಿಸಿದ್ರಿ? ಅದು ಮಾಮೂಲಿ ಕಂಪ್ಯೂಟರ್‌ನಿಂದ ಆಗ್ತಿರಲಿಲ್ವಾ?